ಖಾಲಿ ಹೊಟ್ಟೆಯ ಕಾಯಿಲೆ

ಪ್ರೊಫೆಸರ್ ಹಿಂಟರ್‌ಲೈಟ್ನರ್ ಅವರಿಗೆ ಲೇಸರಿನ ಒಂದು ಕನ್ನಡಿಯ ತಿರುಪು ತಿರುಗಿಸಲೂ ಬರುತ್ತಿರಲಿಲ್ಲ. ಭಾಷಣ ಮಾತ್ರ ಸೊಗಸಾಗಿ ಬರುತ್ತಿತ್ತು. ಮ್ಯೂನಿಕ್ ಹೊರವಲಯದ ಆ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕಣ್ಣು ಕೆಡಿಸಿಕೊಂಡು ಲೇಸರನ್ನು ಕಟ್ಟಿ ನಿಲ್ಲಿಸಿದವಳು ತಂತ್ರಜ್ಞೆ ರೋಸ್ವಿತಾ ಪ್ರೆಲ್. ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನಾದ ಕೇಳುತ್ತಾರಲ್ಲ, ಲೇಸರಿನದೂ ಹೆಚ್ಚುಕಡಿಮೆ ಅದೇ ಕೆಲಸ. ಕಣ್ಣಿಗೆ ಕಾಣದ ಅವಗೆಂಪು ಬೆಳಕು ಕ್ಷಣದ ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕ ಹೊಡೆತವಾಗಿ ರಕ್ತದ ಹನಿಗೆ ಬಡಿಯುತ್ತದೆ. ಒಳಗಿನ ಅಣುಗಳೆಲ್ಲ ನಡುಗಿ ತಮ್ಮ ತಮ್ಮ ದನಿ ಬಿಡುತ್ತವೆ. ಆ ದನಿಯಲ್ಲೇ ಶ್ವಾಸಕೋಶದ ಕ್ಯಾನ್ಸರನ್ನು ಹಿಡಿಯುತ್ತೇವೆಂದು ಮಹಾಶಯರು ಊರೆಲ್ಲ ಡಂಗುರ ಸಾರಿದ್ದರು.

ಸರ್ಕಾರದ ವಿಜ್ಞಾನ ಸಚಿವೆ ಯಂತ್ರ ನೋಡಲು ಬರುವ ಮೂರು ವಾರ ಮುಂಚೆ ತಾಲೀಮಿಗೆ ಹೊಸ ರಕ್ತ ಬೇಕಾಯಿತು. ಸಂಸ್ಥೆಯ ಉಳಿದವರೆಲ್ಲ ಯಂತ್ರಕ್ಕೆ ಕಲಿಸುವಾಗಲೇ ಕೊಟ್ಟಾಗಿತ್ತು. ಬೆಳಿಗ್ಗೆ ಬಂದವಳೇ ರೋಸ್ವಿತಾ ತೋಳು ಚಾಚಿದಳು. ಯಂತ್ರ ಹೇಳಿತು: ಕ್ಯಾನ್ಸರ್, ನೂರಕ್ಕೆ ತೊಂಬತ್ತನಾಲ್ಕು.

ಪ್ರೊಫೆಸರು ಅವಳ ಭುಜ ಮುಟ್ಟಿದರು. ಮುಖದಲ್ಲಿ ಮರುಕ, ಕಣ್ಣಲ್ಲಿ ಹಬ್ಬ.

"ಧೈರ್ಯ ತಗೊಳ್ಳಿ, ಫ್ರಾವ್ ಪ್ರೆಲ್. ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ. ನಮ್ಮ ಯಂತ್ರ ನಮ್ಮವರನ್ನೇ ಉಳಿಸ್ತು ಅಂತ ಸಚಿವರಿಗೆ ಹೇಳ್ಬಹುದಲ್ವಾ? ನಿಮ್ಮ ಅಭ್ಯಂತರ ಇಲ್ದಿದ್ರೆ."

ಥೂ, ಇವನ ಜನ್ಮಕ್ಕಿಷ್ಟು, ಎಂದುಕೊಂಡಳು ರೋಸ್ವಿತಾ. ಆದರೆ ಅವಳ ಅಪ್ಪ ಸತ್ತದ್ದು ಅದೇ ಕಾಯಿಲೆಯಿಂದ, ಅವಳ ಈಗಿನ ವಯಸ್ಸಿಗೇ. ಒಂದು ಕೆಮ್ಮು ಬಂದರೆ ನಿಂತು ಕಿವಿಗೊಡುವಂತಾಯಿತು. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅವಳು ನೆಮ್ಮದಿಯ ಉಸಿರು ಬಿಡುವ ಮೊದಲೇ ಪ್ರೊಫೆಸರು, ಸ್ಕ್ಯಾನಿಗೆ ಸಿಗದಷ್ಟು ಸಣ್ಣದಿರಬೇಕು, ಅದನ್ನು ಹಿಡಿಯುವುದೇ ತಮ್ಮ ಹೆಚ್ಚುಗಾರಿಕೆ ಎಂದರು.

ಆಗ ಅವಳಿಗೆ ಭಯಕ್ಕಿಂತ ಸಿಟ್ಟು ಜಾಸ್ತಿಯಾಗಿ, ರಕ್ತ ತೆಗೆದ ವಿವರಗಳ ಕಡತ ಬಿಚ್ಚಿದಳು. ಯಂತ್ರಕ್ಕೆ ಕಲಿಸಲು ತಂದ ರೋಗಿಗಳ ರಕ್ತವೆಲ್ಲ ವಾರ್ಡಿನಲ್ಲಿ ಬೆಳಗಿನ ಆರಕ್ಕೆ, ಖಾಲಿ ಹೊಟ್ಟೆಯಲ್ಲಿ ತೆಗೆದದ್ದು. ಆರೋಗ್ಯವಂತರೆಲ್ಲ ಈ ಕಟ್ಟಡದವರೇ. ಅವರದು ಪ್ರತಿ ಶುಕ್ರವಾರ ಹನ್ನೊಂದೂವರೆಗೆ. ಶುಕ್ರವಾರ ಹತ್ತಕ್ಕೆ ಇಡೀ ಸಂಸ್ಥೆ ಕ್ಯಾಂಟೀನಿನಲ್ಲಿ ಕೂತು ಬಿಳಿ ಸಾಸೇಜಿನ ಸಿಪ್ಪೆ ಸುಲಿದು, ಸಿಹಿ ಸಾಸಿವೆಗೆ ಅದ್ದಿ, ಬಿಯರಿನ ಜೊತೆ ಇಳಿಸುತ್ತದೆ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಅದನ್ನು ಮುಟ್ಟಿದರೆ ಮ್ಯೂನಿಕ್ ಸೀಮೆಯ ಬವೇರಿಯಾದವರಿಗೆ ಮೈಲಿಗೆ. ಉತ್ತರದ ಬ್ರೆಮೆನ್ ಊರಿನವಳಾದ ರೋಸ್ವಿತಾಗೆ ಆ ಬಿಳಿಚಿದ ಸಾಸೇಜು ಕಂಡರೇ ವಾಕರಿಕೆ. ಮಧ್ಯಾಹ್ನದವರೆಗೆ ಬರೀ ಕಪ್ಪು ಕಾಫಿ.

ಅಯ್ಯೋ ಪುಣ್ಯಾತ್ಮರೇ! ಯಂತ್ರ ಕಲಿತದ್ದು ಯಾರು ತಿಂದಿದ್ದಾರೆ, ಯಾರು ತಿಂದಿಲ್ಲ ಎಂಬುದನ್ನು. ಅವಳ ಲೇಸರಿನ ತಪ್ಪೇನಿಲ್ಲ, ಪಾಪ, ಕಂಡದ್ದನ್ನು ಹೇಳಿತ್ತು. ಡಾಕ್ಟರೇಟ್ ಹೊತ್ತ ಹದಿನಾಲ್ಕು ತಲೆಗಳಲ್ಲಿ ಒಂದಕ್ಕೂ ಇದು ಹೊಳೆದಿರಲಿಲ್ಲ.

ಮುಂದಿನ ಶುಕ್ರವಾರ ಅವಳು ಕಣ್ಣುಮುಚ್ಚಿ ಎರಡು ಸಾಸೇಜು ನುಂಗಿ ರಕ್ತ ಕೊಟ್ಟಳು. ಆರೋಗ್ಯವಂತೆ, ನೂರಕ್ಕೆ ತೊಂಬತ್ತೇಳು! ಎರಡೂ ಹಾಳೆಗಳನ್ನು ಪ್ರೊಫೆಸರರ ಮುಂದಿಟ್ಟಳು. ಅವರು ಕನ್ನಡಕ ಒರೆಸಿಕೊಂಡು, ಒಂದು ಅಳತೆಯಿಂದ ಏನೂ ಸಾಬೀತಾಗದು, ಸಚಿವೆ ಬಂದುಹೋಗಲಿ, ನೋಡೋಣ ಎಂದರು. ಹಾಗಾದರೆ ನೀವೊಮ್ಮೆ ಉಪವಾಸವಿದ್ದು ಕೊಡಿ ಎಂದಳು. ಅವರು ಗಡಿಯಾರ ನೋಡಿಕೊಂಡು ಎದ್ದುಹೋದರು.

ಸಚಿವೆ ಬಂದದ್ದೂ ಶುಕ್ರವಾರವೇ. ಎಲ್ಲರೆದುರು ಪ್ರೊಫೆಸರೇ ರಕ್ತ ಕೊಡುವುದೆಂದು ನಿಗದಿಯಾಗಿತ್ತು. ಹತ್ತಕ್ಕೆ ಕ್ಯಾಂಟೀನಿನಲ್ಲಿ ಸಚಿವೆಯ ಪಕ್ಕ ಕೂತಿದ್ದ ಅವರ ಮುಂದೆ ತಟ್ಟೆ ಬಂತು. ಯಾವಾಗಲೂ ಎರಡಕ್ಕೆ ಸಾಕೆನ್ನುವವರು ಅಂದು ನಾಲ್ಕು ಹಾಕಿಸಿಕೊಂಡಿದ್ದರು. ರೋಸ್ವಿತಾ ನೇರ ಹೋಗಿ ತಟ್ಟೆಯ ಅಂಚು ಹಿಡಿದಳು.

"ಇದು ಆಮೇಲೆ ತಿನ್ನಿ, ಪ್ರೊಫೆಸರ್ರೇ. ಇವತ್ತು ಖಾಲಿ ಹೊಟ್ಟೇಲಿ ರಕ್ತ ಕೊಡಿ. ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಂದಿದ್ರಲ್ಲ?"

ಅದಕ್ಕೇನಂತೆ, ಕೊಡಬಹುದಲ್ಲ ಎಂದರು ಸಚಿವೆ, ನಗುತ್ತ.

ಪ್ರೊಫೆಸರರ ಮುಖ ಸಾಸೇಜಿನಷ್ಟೇ ಬಿಳಿಚಿತು. ತಟ್ಟೆಯನ್ನು ಮಾತ್ರ ಅವರು ಬಿಡಲಿಲ್ಲ.