ನಾರಮ್ಮನ ಪಟ್ಟೆ ಸೀರೆ ಫೋಟೋ

"ಕತ್ತು ಇನ್ನೊಂಚೂರು ಕೆಳಕ್ಕೆ ಇಳಿಸಿ, ಸೆರಗಿನೊಳಗೆ ಸೇರಲಿ," ಎಂದು ರೇವತಿ ಕಂಪ್ಯೂಟರಿನ ಮೇಲೆ ಬಗ್ಗಿದಳು. ಕಲ್ಯಾಣದುರ್ಗದಲ್ಲಿ ಸ್ಟುಡಿಯೋ ಇಟ್ಟಿದ್ದ ಶ್ರೀರಾಮುಲು ಫೋಟೋದಲ್ಲಿ ಸತ್ತವರ ತಲೆಗೆ ಮೈ ಜೋಡಿಸುವುದರಲ್ಲಿ ಎತ್ತಿದ ಕೈ. ಹೆಂಗಸರಿಗೆಂದು ಅವನಲ್ಲಿ ಒಂದೇ ಒಂದು ಮೈ ಇತ್ತು. ಕೆಂಪು ಪಟ್ಟೆ ಸೀರೆ, ಎರಡೆಳೆ ಸರ, ತೊಡೆಯ ಮೇಲೆ ಜೋಡಿಸಿಟ್ಟ ಕೈ. ಸುತ್ತಲ ಊರುಗಳಲ್ಲಿ ಗೋಡೆ ಹತ್ತಿದ ಅಜ್ಜಿಯರಲ್ಲಿ ಅರ್ಧದಷ್ಟು ಜನ ಅದೇ ಮೈಯವರು.

"ಕೆನ್ನೆ ಮ್ಯಾಲೆ ಗ್ರೀಸು ಮೆತ್ಕಂಡೈತೆ. ಅಳಿಸ್ಬುಡ್ಲಾ ತಲ್ಲೀ?" ಎಂದು ಶ್ರೀರಾಮುಲು ತೆಲುಗು ಬೆರೆಸಿ ಕೇಳಿದ.

"ಬೇಡ, ಅದು ಇರಲಿ." ಅಷ್ಟಾದರೂ ನಿಜ ಉಳಿಯಲಿ ಅನ್ನಿಸಿತು ರೇವತಿಗೆ.

ಹೊತ್ತಿರಲಿಲ್ಲ. ಬೆಳುಗುಪ್ಪದಲ್ಲಿ ನಾರಮ್ಮನ ಹೆಣವನ್ನು ಮಧ್ಯಾಹ್ನವೇ ಎತ್ತುವುದಿತ್ತು. ಬೆಳಗಾಗುವ ಮುಂಚೆ ಅವಳ ಗಂಡ ಈರಲಿಂಗಪ್ಪ ಹಿಂದೂಪುರಕ್ಕೆ ಫೋನು ಮಾಡಿದ್ದ. "ರೇವತಮ್ಮ, ನಾರಿ ಹೋಗ್ಬುಟ್ಲು ಕಣಮ್ಮ. ಆ ಪಟ್ಟೆ ಸೀರೆ ಫೋಟೋ ನಿನ್ ತಾವ ಐತಂತಲ್ಲ, ತಕಂಬಾ. ತಲೆ ತಾವ ಇಡ್ಬೇಕು." ತರುತ್ತೇನೆ ಎಂದುಬಿಟ್ಟಳು ರೇವತಿ. ತರಲು ಆ ಫೋಟೋ ಎಲ್ಲಿತ್ತು? ಅವಳೇ ಅದನ್ನು ಅಳಿಸಿಹಾಕಿ ಒಂದು ವರ್ಷವಾಗಿತ್ತು.

*

ರೇವತಿ ಹಿಂದೂಪುರದ ಒಂದು ಸ್ಕೂಲಿನಲ್ಲಿ ಟೀಚರು. ಎರಡು ಸಾವಿರದ ಏಳರಲ್ಲಿ ಒಂದು ದಿನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು, ಪಾಠಕ್ಕೆಂದು ಹಳ್ಳಿ ಹೆಂಗಸರ ಚಿತ್ರ ಹುಡುಕಿದಳು. ಸಿಕ್ಕವರು ಬಿಂದಿಗೆ ಹಿಡಿದು ಬಳುಕುವ ನಟಿಯರು, ಇಲ್ಲವೇ ಕಣ್ಣೀರಿಡುವವರು. ನಮ್ಮವರು ಇಷ್ಟೇನಾ ಎಂದು ಮೈಯೆಲ್ಲ ಉರಿಯಿತು. ಗೆಳತಿಯರನ್ನು ಕಟ್ಟಿಕೊಂಡು, ಯಾರದೋ ಕ್ಯಾಮೆರಾ ಕೇಳಿ ತಂದು, ಭಾನುವಾರ ಬಂದರೆ ಬಸ್ಸು ಹತ್ತಿದಳು. ಲೇಪಾಕ್ಷಿ, ಸೋಮಂದೇಪಲ್ಲಿ, ಬೆಳುಗುಪ್ಪ. ಕೆಲಸದಲ್ಲಿರುವ ಹೆಂಗಸರ ಫೋಟೋ ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಇಂಟರ್‌ನೆಟ್ಟಿಗೆ ಹಾಕುವುದು. ಒಂದು ಪೈಸೆ ಹುಟ್ಟದ ಕೆಲಸ, ಆದರೆ ಖುಷಿ ಇತ್ತು.

ನಾರಮ್ಮ ಕೈಪಂಪು ರಿಪೇರಿ ಮಾಡುವವಳು. ಫೋಟೋ ಎಂದದ್ದೇ ತಡ, ಪಕ್ಕದ ಮನೆ ನರಸಕ್ಕನ ಪಟ್ಟೆ ಸೀರೆ ಇಸಿದುಕೊಂಡು ಉಟ್ಟಳು, ಪೌಡರು ಬಳಿದಳು, ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತಳು. ರೇವತಿ ಮನಸ್ಸಿಲ್ಲದ ಮನಸ್ಸಿನಿಂದ ಒಂದು ತೆಗೆದಳು. ಸೀರೆ ಬದಲಿಸಿ ನಾರಮ್ಮ ಪಂಪು ಬಿಚ್ಚಲು ನಿಂತ ಮೇಲೆ ಕ್ಯಾಮೆರಾಗೆ ಜೀವ ಬಂತು.

"ಮಕ ಒರ್ಸ್ಕಳೇ ನಾರಿ, ಫೋಟೋ ತಗೀತಾವ್ರೆ," ಎಂದು ಈರಲಿಂಗಪ್ಪ ಟವೆಲಿನ ತುದಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿ ತಾನೇ ಅವಳ ಕೆನ್ನೆಯ ಗ್ರೀಸು ಒರೆಸಲು ಹೋದ.

"ಥೂ, ಅತ್ಲಾಗೋಗು!" ಎಂದು ನಾರಮ್ಮ ಸ್ಪ್ಯಾನರು ಹಿಡಿದ ಕೈಯಿಂದ ಅವನನ್ನು ತಳ್ಳಿ ಬಾಯ್ತುಂಬ ನಕ್ಕಳು. ರೇವತಿ ಆ ನಗುವನ್ನು ಹಿಡಿದಳು.

"ಇದ್ನ ಅಮೇರಿಕಕ್ಕೆ ಬೇಕಾದ್ರೂ ಹಾಕ್ಕ," ಎಂದಳು ನಾರಮ್ಮ. "ಪಟ್ಟೆ ಸೀರೇದು ಮಾತ್ರ ನಂದು. ಜೀವ್ಮಾನ ಪೂರಾ ಗ್ರೀಸ್ನಾಗೇ ಕಳದೀನಿ ಕಣಮ್ಮ. ಸತ್ ಮ್ಯಾಲಾದ್ರೂ ಗೋಡೆ ಮ್ಯಾಲೆ ಗೌಡ್ತಿಯಂಗೆ ಕೂತ್ಕಂತೀನಿ."

ಅದೇ ಸಂಜೆ ಮೆಮೊರಿ ಕಾರ್ಡು ತುಂಬಿಹೋಯಿತು. ಇಂಟರ್‌ನೆಟ್ಟಿಗೆ ಬೇಡವಾದದ್ದು ಎಂದು ರೇವತಿ ಪಟ್ಟೆ ಸೀರೆಯನ್ನು ಅಳಿಸಿದಳು. ಆಮೇಲೆ ನಾರಮ್ಮ ಕೇಳಿದಾಗಲೆಲ್ಲ "ಪ್ರಿಂಟು ಹಾಕಿಸಿ ತರ್ತೀನಿ ನಾರಮ್ಮ" ಎನ್ನುವುದೇ ಆಯಿತು. ಎಂಥ ಹಾಳು ನಾಲಿಗೆ!

*

ಮನೆ ಮುಂದೆ ನಾರಮ್ಮನನ್ನು ಮಲಗಿಸಿದ್ದರು. ಮುತ್ತೈದೆ ಸಾವು ಎಂದು ಹಣೆ ತುಂಬ ಕುಂಕುಮ ಇಟ್ಟಿದ್ದರು. ರೇವತಿ ತಂದ ಫೋಟೋವನ್ನು ನರಸಕ್ಕ ಇಸಿದುಕೊಂಡು ನೋಡಿದಳು, ಹೆಣದ ಕಡೆ ತಿರುಗಿದಳು, ಮತ್ತೆ ಫೋಟೋ ನೋಡಿದಳು.

"ಅಯ್ಯೋ ಶಿವನೇ, ಇದು ನನ್ ಸೀರೆ ಅಲ್ಲ ಕಣಮ್ಮ! ಅವತ್ತು ಕೊಟ್ಟಿದ್ದು ಹಸ್ರುದು. ಅಗಾ, ಈಗ ಅವ್ಳ ಮೈಮ್ಯಾಲೈತಲ್ಲ, ಅದೇ. ಆಸೆ ಪಟ್ಟಿದ್ಲು, ಉಟ್ಕಂಡೇ ಹೋಗ್ಲಿ ಅಂತ ಉಡ್ಸಿದೀನಿ."

"ಆ ಸರ ನಮ್ಮತ್ತೆ ಫೋಟೋನಾಗೂ ಐತಲ್ಲಕ್ಕ!" ಎಂದು ಇನ್ನೊಬ್ಬಳು ಬಗ್ಗಿ ನೋಡಿದಳು.

ರೇವತಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸುಳ್ಳು ಚಿತ್ರಗಳ ಮೇಲಿನ ಸಿಟ್ಟಿಗೆ ಊರೂರು ಸುತ್ತಿದವಳು ಸಾವಿನ ಮನೆಗೇ ಒಂದು ಸುಳ್ಳನ್ನು ಫ್ರೇಮು ಹಾಕಿಸಿ ತಂದಿದ್ದಳು. ಈರಲಿಂಗಪ್ಪನ ಮುಂದೆ ಕುಕ್ಕರಿಸಿದಳು.

"ಅಣ್ಣಾ, ಆ ಫೋಟೋ ಇಲ್ಲ. ನಾನೇ ಅಳಿಸ್ಬಿಟ್ಟೆ. ಹೇಳೋಕೆ ಬಾಯಿ ಬರ್ಲಿಲ್ಲ, ಒಂದು ವರ್ಷ ಸುಳ್ಳು ಹೇಳ್ದೆ. ಇದ್ರಲ್ಲಿ ತಲೆ ಮಾತ್ರ ನಾರಮ್ಮಂದು." ಅವಳ ಕಣ್ಣು ತುಂಬಿ ಬಂದಿತ್ತು.

ಈರಲಿಂಗಪ್ಪ ನರಸಕ್ಕನಿಂದ ಫೋಟೋ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ನೆಟ್ಟಗೆ ಕೂತ ಮೈಯ ಮೇಲೆ, ಅವತ್ತು ಪಂಪಿನ ಹತ್ತಿರ ಬಾಯ್ತುಂಬ ನಕ್ಕಿದ್ದ ತಲೆ.

"ತಲೆ ಅವ್ಳ್ದೇ ಅಲ್ವಾ?"

"ಹೂಂ ಅಣ್ಣಾ."

"ಅಂಗಾರೆ ಸಾಕು ಬುಡಮ್ಮ."

ತಮಟೆಯವರು ಎದ್ದು ನಿಂತರು. ಹೊತ್ತಾಯಿತು ಎಂದು ಯಾರೋ ಕೂಗಿದರು. ಈರಲಿಂಗಪ್ಪ ಹೆಗಲ ಮೇಲಿನ ಟವೆಲು ಎಳೆದು, ತುದಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿಕೊಂಡ.

"ಮಕ ಒರ್ಸ್ಕಳೇ ನಾರಿ," ಎಂದ, "ಎಲ್ರೂ ಬಂದವ್ರೆ."

ಗಾಜಿನ ಮೇಲೆ, ಗ್ರೀಸು ಮೆತ್ತಿದ್ದ ಆ ಕೆನ್ನೆಯ ಮೇಲೆ, ಮೆಲ್ಲಗೆ ತಿಕ್ಕುತ್ತಾ ಕೂತ.