ತೊಳೆದರೂ ಹೋಗದ ಹಳದಿ

ಹಳದಿ ನೀರು ಬಚ್ಚಲಿನ ತೂತಿನ ಸುತ್ತ ಒಂದು ಸುತ್ತು ತಿರುಗಿ ಇಳಿದುಹೋಗುತ್ತಿದೆ, ಇನ್ನೊಂದು ಚೊಂಬು ಸುರಿದರೆ ಮತ್ತೆ ಹಳದಿ, ಎಲ್ಲಿಂದ ಬರುತ್ತದೋ ಇಷ್ಟು ಬಣ್ಣ ಇಷ್ಟು ಸಣ್ಣ ಮೈಯಿಂದ, ಮಾರ್ತಾಂಡ ಬಟ್ಟೆಯ ಸಾಬೂನನ್ನೇ ಹಚ್ಚಿ ತಿಕ್ಕುತ್ತಿದ್ದಾನೆ, ಬೇರೆ ನಾಯಿಮರಿಯಾಗಿದ್ದರೆ ಇಷ್ಟೊತ್ತಿಗೆ ಮೈ ಕೊಡವಿ ಅವನ ಬನಿಯನ್ನೆಲ್ಲ ತೋಯಿಸಿ ಓಡಿಹೋಗುತ್ತಿತ್ತು, ಇದು ಕಿವಿ ಹಿಂದಕ್ಕೆ ಮಡಚಿ ಅವನ ಮುಖವನ್ನೇ ನೋಡುತ್ತ ನಿಂತಿದೆ, ಹೆಂಗ ನೋಡತದ ನೋಡ್ರಿ, ನೀವು ಅದರ ಗುರ್ತಿನವ್ರು ಅನ್ನೂಹಂಗ, ಬಾಗಿಲಲ್ಲಿ ನಿಂತ ನೀತಾ ನಗುತ್ತಾಳೆ, ಹೆಂಡತಿಯ ಮಾತು ಚೇಷ್ಟೆಯದೇ, ಆದರೂ ಕೈಯಲ್ಲಿನ ಚೊಂಬು ನಿಲ್ಲುತ್ತದೆ — ಗುರುತು, ಯಾರ ಗುರುತು — ಬಿಡಬೇಕು, ಮರಿಯನ್ನು ಸಾಕಲು ಕೇಳಿದ ವಾಕಡದವರು ಬರುವ ಹೊತ್ತಾಯಿತು, ಅವರು ನೋಡಿ ಒಪ್ಪಿ ಎತ್ತಿಕೊಂಡು ಹೋದರೆ ಇವತ್ತು ಸಂಜೆ ಈ ಮನೆ ಮತ್ತೆ ಮೊದಲಿನ ಮನೆ, ಒಪ್ಪದಿದ್ದರೆ ಈ ಬಣ್ಣದ ನಾಯಿಯನ್ನು ಇನ್ಯಾರೂ ಕೇಳುವುದಿಲ್ಲ ಎಂದಿದ್ದಾಳೆ ಮಾಯಾ. ಮಾಯಾ ನೀತಾಳ ಆಫೀಸಿನವಳು, ರಜೆ ಸಿಕ್ಕರೆ ಬೀದಿನಾಯಿಗಳ ಹಿಂದೆ ಸ್ಕೂಟರ್ ಓಡಿಸುವವಳು, ಕುರಕುಂಭದ ಕಡೆ ಯಾವುದೋ ಬಣ್ಣದ ಕಾರ್ಖಾನೆಯ ಹಿಂದಿನ ಗುಂಡಿಯಲ್ಲಿ ಇದು ಸಿಕ್ಕಿತಂತೆ, ತಾಯಿಯಿಲ್ಲ, ಜೊತೆಯ ಮರಿಗಳಿಲ್ಲ, ಗುಂಡಿಯಲ್ಲಿ ಕುತ್ತಿಗೆಯವರೆಗೆ ಹಳದಿ ನೀರು, ಅದರ ಮೇಲೆ ಮೂತಿ ಎತ್ತಿ ಸುಮ್ಮನೆ ನಿಂತಿತ್ತಂತೆ, ಗೋಣಿಚೀಲದಲ್ಲಿ ಸುತ್ತಿ ತಂದು ಪುಣೆಯ ಯೆರವಡಾದ ಈ ಎರಡು ಕೋಣೆಯ ಮನೆಯಲ್ಲಿ ಬಿಟ್ಟು, ಸಾಕುವವರು ಸಿಗುವ ತನಕ ಅಷ್ಟೇ ನೀತಾ, ಪ್ಲೀಜ್, ಪಿವಳ್ಯಾ ಎಂದು ಹೆಸರಿಟ್ಟವಳೂ ಅವಳೇ, ಮರಾಠಿಯಲ್ಲಿ ಹಳದಿಯವನು, ಮನೆಯಲ್ಲಿ ನೀತಾ ಹಾಗೇ ಕರೆಯುತ್ತಾಳೆ, ಅವನು ಏನೂ ಕರೆಯುವುದಿಲ್ಲ, ಅವ್ವ ಮಾತ್ರ —

ಅವ್ವ ಆಗ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು, ಗೋಣಿಚೀಲ ಬಿಚ್ಚಿಕೊಂಡಿತು, ಹಳದಿ ತಲೆಯೊಂದು ಹೊರಬಂತು, ಅವ್ವ ಮಡಿಲಲ್ಲಿದ್ದ ಸೊಪ್ಪು ಚೆಲ್ಲಿದ್ದನ್ನೂ ಲೆಕ್ಕಿಸದೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು, ಹುಲಿಗೆವ್ವ ಎಂಬ ಈ ಅವ್ವ, ಗಂಡ ಸತ್ತ ಮೇಲೆ ಯಾವ ಗಂಡಸಿನ ಮುಂದೆಯೂ ಹಾಗೆ ಗಡಬಡಿಸಿ ಎದ್ದವಳಲ್ಲ, ನೀತಾ, ನೀರು ಕೊಡು, ದೂರದಿಂದ ಬಂದಾರ, ಎಂದಳು. ಅಂದಿನಿಂದ ಮರಿಯೆಂದರೆ ಅವರು, ಅವರ ಊಟ ಆತೇನು, ಅವರಿಗೆ ಬಿಸಿಲು ಬೀಳತದ ಪಡದಿ ಎಳಿ, ಅವರು ಮಲಗ್ಯಾರ ಟೀವಿ ಸಣ್ಣ ಮಾಡು, ಬದುಕಿಡೀ ಗಂಡನ ಹೆಸರನ್ನು ಬಾಯಿಂದ ಆಡದವಳು ನಾಯಿಯ ಹೆಸರನ್ನೂ ಆಡಲೊಲ್ಲಳು, ಅದು ತಿಂದ ಮೇಲೆಯೇ ತಾನು ಉಣ್ಣುತ್ತಾಳೆ. ನೀತಾ ಮೊದಮೊದಲು ನಕ್ಕಳು, ಏನ್ರಿ, ಈಗ ನಾಯಿ ನಮ್ಮ ಮಾವ ಆದಂಗಾತು, ನಾನೂ ಕಾಲಿಗೆ ಬೀಳಲೇನು, ಬಾಲದ ಕಡೆ ಬೀಳೋದೋ ಮೂತಿ ಕಡೆ ಬೀಳೋದೋ ನಿಮ್ಮ ಅವ್ವನ್ನ ಕೇಳ್ರಿ, ಅವನೂ ನಕ್ಕ, ಆಮೇಲೆ ನೀತಾಳ ಹಸಿರು ಬಳೆಗಳು ಕಾಣೆಯಾದವು, ಡಬ್ಬಿಯಲ್ಲಿಲ್ಲ, ಕಪಾಟಿನಲ್ಲಿಲ್ಲ, ಅವ್ವ ರೊಟ್ಟಿ ತಟ್ಟುತ್ತಿದ್ದಳು, ತಟ್ಟಿದಾಗೊಮ್ಮೆ ಗಾಜಿನ ಸದ್ದು, ವಿಧವೆಯ ಕೈಯಲ್ಲಿ ಹಸಿರು ಬಳೆ, ನೀತಾ ಅಡುಗೆಮನೆಯ ಹೊಸ್ತಿಲಿನಲ್ಲೇ ನಿಂತುಬಿಟ್ಟಳು, ಯಾರೂ ನಗಲಿಲ್ಲ. ಅವತ್ತೇ ಅವನು ಮಾಯಾಗೆ ಫೋನು ಮಾಡಿದ್ದು, ಯಾರಾದರೂ ಸಿಕ್ಕರೇನ್ರಿ, ಲಗೂನ ನೋಡ್ರಿ, ಮನ್ಯಾಗ ಭಾಳ ತ್ರಾಸ ಆಗೇದ.

ಇದೆಲ್ಲ ಬಣ್ಣದ ತಪ್ಪು, ಅಷ್ಟೇ, ಅವನಿಗೆ ಗೊತ್ತು, ಕಾರ್ಖಾನೆಯ ಹಳದಿಯನ್ನು ಅವ್ವ ಭಂಡಾರ ಅಂದುಕೊಂಡಿದ್ದಾಳೆ, ಮೈಲಾರಲಿಂಗನ ಅರಿಶಿನ — ಅಪ್ಪನ ಹಣೆ, ಕೆನ್ನೆ, ಗದ್ದ, ಕಿವಿಯ ಸುರುಳಿಯೊಳಗೂ ಅದೇ, ಅಪ್ಪ ಗೊರವ, ಕರಿ ಕಂಬಳಿಯ ಅಂಗಿ, ಕರಡಿ ತೊಗಲಿನ ಟೋಪಿ, ಕೈಯಲ್ಲಿ ಡಮರು, ಗೊರವರೆಂದರೆ ದೇವರ ನಾಯಿಗಳು, ಹರಕೆ ಹೊತ್ತವರ ಮನೆಯಲ್ಲಿ ಅವರ ಮುಂದೆ ದೋಣಿ ತುಂಬುತ್ತಾರೆ, ದೋಣಿಯೆಂಬ ಮರದ ಬಟ್ಟಲಿಗೆ ಹಾಲು ತುಪ್ಪ ಬೆಲ್ಲ ಬಾಳೆಹಣ್ಣು, ಗೊರವರು ಬೊಗಳುತ್ತ ಮಂಡಿಯ ಮೇಲೆ ಬಂದು ಕೈ ಮುಟ್ಟಿಸದೆ ಬಾಯಿ ಹಚ್ಚಿ ತಿನ್ನಬೇಕು, ಒಬ್ಬರನ್ನೊಬ್ಬರು ಮೂತಿಯಿಂದ ನೂಕಬೇಕು, ಪುಣೆಯ ಆಫೀಸಿನಲ್ಲಿ ಇದನ್ನು ಯಾರಿಗೂ ಹೇಳಿದ್ದಿಲ್ಲ, ಇಲ್ಲಿನ ರಿಕ್ಷಾಗಳ ಬೆನ್ನ ಮೇಲೆಲ್ಲ ಜೇಜುರಿಯ ಖಂಡೋಬನ ಹೆಸರಿದೆ, ಅದೇ ದೇವರು, ಅದೇ ಹಳದಿ, ಹಸಿರು ದೀಪ ಬೀಳುವ ತನಕ ಆ ಬೆನ್ನುಗಳನ್ನು ನೋಡುತ್ತ ನಿಲ್ಲುವಾಗ ಅವನ ನಾಲಿಗೆಗೆ ಬೆಲ್ಲ ಬೆರೆತ ಹಾಲಿನ ರುಚಿ ಬರುತ್ತದೆ, ತಾನು ಎಂದೂ ತಿನ್ನದ ದೋಣಿಯ ರುಚಿ. ಊರಿನ ಗೌಡರ ಅಂಗಳ, ದೊಡ್ಡವರ ಕಾಲುಗಳ ನಡುವೆ ತೂರಿಕೊಂಡು ಮುಂದೆ ಬಂದ ಹುಡುಗ ಅಪ್ಪಾ ಅಂತಾನೆ, ಬಟ್ಟಲಿನಿಂದ ಒಂದು ಮುಖ ಮೇಲೇಳುತ್ತದೆ, ಹಳದಿ ಗದ್ದದಿಂದ ಹಾಲು ತೊಟ್ಟಿಕ್ಕುತ್ತಿದೆ, ಎರಡು ಕಣ್ಣು, ಅವನ ಮೇಲೆಯೇ ನೆಟ್ಟ ಕಣ್ಣು, ಅವುಗಳಲ್ಲಿ ಅವನ ಗುರುತಿಲ್ಲ, ಮುಖ ಅವನನ್ನು ನೋಡಿ ಗುರ್ರೆನ್ನುತ್ತದೆ. ಸಂಜೆ ಅದೇ ಅಪ್ಪ ಶೇಂಗಾ ಸುಲಿದು ಅಂಗೈಗೆ ಹಾಕುತ್ತಿದ್ದ, ಯಾಕಪ್ಪಾ ನನಗ ಗುರ್ರ್ ಅಂದಿ, ಏ, ಅದು ನಾ ಅಲ್ಲೋ, ನಾ ಎಲ್ಲಿದ್ನಿ ಅಲ್ಲಿ, ಮತ್ತ ಎಲ್ಲಿ ಹೋಗಿದ್ದಿ, ಅಪ್ಪ ನಕ್ಕು ಇನ್ನೊಂದು ಶೇಂಗಾ ಒಡೆದ, ಹೇಳಲಿಲ್ಲ, ಕೊನೆಗೂ ಹೇಳಲಿಲ್ಲ, ಕಾಮಣಿ ಬೇನೆಯಾಗಿ ಇಲ್ಲಿನ ಆಸ್ಪತ್ರೆಯ ಮಂಚದಲ್ಲಿ ಮಲಗಿದಾಗ ಭಂಡಾರ ಹಚ್ಚದೆಯೂ ಮೈಯೆಲ್ಲ ಹಳದಿ, ಕಣ್ಣಿನ ಬಿಳಿಯೂ ಹಳದಿ, ಮಾರ್ತಾಂಡ ಬಗ್ಗಿ, ಅಪ್ಪಾ, ನಾನು, ಎಂದ, ಕಣ್ಣು ಅವನ ಮೇಲೆ ನಿಂತಿತು, ಯಾರಪಾ ನೀನು ಎಂದಿತು, ಅಲ್ಲಿಗೆ ಮುಗಿಯಿತು.

ಬಾಗಿಲ ಗಂಟೆ, ಅವರೇ, ಮಾಯಾಳೊಂದಿಗೆ ವಾಕಡದ ಗಂಡಹೆಂಡತಿ, ಸ್ವಪ್ನಿಲ್, ಸ್ನೇಹಲ್, ಕಂಪ್ಯೂಟರ್ ಕೆಲಸದವರು, ಹೊಸ ಫ್ಲ್ಯಾಟು, ಕೆಳಗೆ ಅವರ ಕಾರು ನಿಂತಿದೆ, ಮರಾಠಿಯಲ್ಲಿ ನಗುತ್ತ ಒಳಬಂದರು, ಬರ್ರಿ ಎಂದು ಬಾಯಿಗೆ ಬಂದದ್ದನ್ನು ಮಾರ್ತಾಂಡ ಮರಾಠಿಯ ಯಾ ಯಾ ಎಂದು ತಿದ್ದಿಕೊಂಡ, ಒದ್ದೆ ಮರಿ ನಡುಮನೆಯ ಫರಸಿಯ ಮೇಲೆ ನಿಂತಿದೆ, ಒದ್ದೆಯಾಗಿ ಇನ್ನೂ ಹಳದಿಯಾಗಿ ಕಾಣುತ್ತಿದೆ, ಅಗಬಾಯಿ, ನನ್ನ ಮದುವೆಯ ಅರಿಶಿನದ ದಿನ ನಾನೂ ಇಷ್ಟು ಹಳದಿಯಾಗಿರಲಿಲ್ಲ, ಎನ್ನುತ್ತಾಳೆ ಸ್ನೇಹಲ್, ನೀನು ತಪ್ಪಿಸಿಕೊಂಡು ಓಡಾಡ್ತಿದ್ದೆ, ಇವನನ್ನ ಯಾರೋ ಹಿಡಿದು ಮುಳುಗಿಸಿದಾರೆ, ಎನ್ನುತ್ತಾನೆ ಸ್ವಪ್ನಿಲ್, ಹೊಸ ಕೂದಲು ಬಂದಂತೆ ಹೋಗುತ್ತದೆ ಎಂದು ಮಾಯಾ ಭರವಸೆ ಕೊಡುತ್ತಾಳೆ, ಗಲಾಟೆಯಿಲ್ಲದ ಮರಿ, ಬಂದಾಗಿನಿಂದ ಒಮ್ಮೆಯೂ ಬೊಗಳಿಲ್ಲ ಎಂದು ನೀತಾ, ಒಳ್ಳೆಯದೇ, ನಮ್ಮ ಸೊಸೈಟಿಯವರ ಮೇಲೆ ಬೊಗಳಲು ನಾವಿಬ್ಬರೇ ಸಾಕು ಎಂದು ಸ್ವಪ್ನಿಲ್, ನಗು, ಚಹಾ, ಎಲ್ಲ ಸರಿಯಾಗಿಯೇ ನಡೆಯುತ್ತಿದೆ, ಅಡುಗೆಮನೆಯಿಂದ ಅವ್ವ ಬರುವ ತನಕ. ಅವ್ವನ ಕೈಯಲ್ಲಿ ಅಪ್ಪನ ಮರದ ಬಟ್ಟಲು, ಹಾಲು, ಬೆಲ್ಲ, ಕಿವುಚಿದ ಬಾಳೆಹಣ್ಣು, ಇವತ್ತು ರವಿವಾರ, ಮೈಲಾರಲಿಂಗನ ವಾರ, ಇದನ್ನು ತಾನು ಯೋಚಿಸಬೇಕಿತ್ತು, ಸೆರಗಿನ ಮರೆಯಲ್ಲಿ ಬಗ್ಗಿ ಮರಿಯ ಮುಂದೆ ಇಟ್ಟಳು, ಈಗ ಅವ್ವ ಹಟ ಹಿಡಿಯುತ್ತಾಳೆ, ಅವರನ್ನ ಎಲ್ಲಿಗೆ ಒಯ್ಯತೀರಿ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ, ಬಂದವರು ಹೆದರಿ ಓಡುತ್ತಾರೆ — ಮರಿ ಬಟ್ಟಲು ಮೂಸಿತು, ಒಂದೆರಡು ಸಲ ನಾಲಿಗೆ ಆಡಿಸಿತು, ಸ್ನೇಹಲ್ ಪರ್ಸಿನಿಂದ ಬಿಸ್ಕೀಟು ತೆಗೆದಳು, ಮರಿ ಬಟ್ಟಲು ಬಿಟ್ಟು ಬಾಲ ಅಲ್ಲಾಡಿಸುತ್ತ ಅವಳ ಕಡೆ ಓಡಿತು. ಅಷ್ಟೇ. ಯಾವ ಮರಿಯೂ ಹಾಗೇ ಓಡುತ್ತದೆ. ಸ್ವಪ್ನಿಲ್ ಕೊರಳಿಗೆ ಕೆಂಪು ಪಟ್ಟಿ ಹಾಕಿದ, ಕೊರಳು ತಾನಾಗಿ ಮುಂದೆ ಬಂತು, ಮಾರ್ತಾಂಡ ಅವ್ವನ ಕಡೆ ನೋಡಿದ, ಅವ್ವ ಬಟ್ಟಲಿನ ಅಂಚಿಗೆ ತಗುಲಿದ ಹಣ್ಣಿನ ಚೂರನ್ನು ಬೆರಳಿನಿಂದ ಒಳಗೆ ತಳ್ಳುತ್ತಿದ್ದಾಳೆ, ಅವ್ವಾ, ಒಯ್ಯಾಕತ್ತಾರ, ಎಂದ, ತನ್ನ ದನಿ ತನಗೇ ಹುಡುಗನದಂತೆ ಕೇಳಿಸಿತು, ಹೋಗಲಿ ಬಿಡಪಾ, ಎಂದಳು ಅವ್ವ, ಅವರು ಯಾವಾಗ ಮನ್ಯಾಗ ನಿಂತಾರ.

ಬಾಗಿಲು ತೆರೆದಿದೆ, ಮೆಟ್ಟಿಲಿನ ಬೆಳಕು, ಕೆಂಪು ಪಟ್ಟಿ, ಹಳದಿ ಬೆನ್ನು, ಹೊಸ್ತಿಲು ದಾಟುತ್ತಿದೆ, ಇದೇ ಬೇಕಿತ್ತಲ್ಲ, ಇದಕ್ಕೇ ತಾನೇ ಫೋನು ಮಾಡಿದ್ದು, ಬಚ್ಚಲಲ್ಲಿ ಇಷ್ಟೊತ್ತು ಮುಖ ನೋಡುತ್ತ ನಿಂತದ್ದು ಈಗ ಒಮ್ಮೆ ಇತ್ತ ನೋಡಬಾರದೆ, ನೋಡಿತು, ಹೊಸ್ತಿಲಿನಲ್ಲಿ ಕಾಲಿಟ್ಟು ತಿರುಗಿ ನೀತಾಳನ್ನು ನೋಡಿತು, ಕುರ್ಚಿಯನ್ನು ನೋಡಿತು, ಅವನನ್ನು ನೋಡಿತು, ಕುರ್ಚಿಯನ್ನು ನೋಡಿದಂತೆಯೇ, ಎರಡು ಕಣ್ಣು, ಗುರುತಿಲ್ಲ, ತಿರುಗಿ ಇಳಿಯತೊಡಗಿತು — ಒಂದು ಬೊಗಳು. ಮರಿಯದಲ್ಲದ ದನಿ, ಅಂಗಳದಷ್ಟು ದೊಡ್ಡ ದನಿ, ಅರೇ ಬೊಗಳಿತಲ್ಲ ಎಂದು ಮೆಟ್ಟಿಲಿನಲ್ಲಿ ಸ್ನೇಹಲ್‌ಳ ನಗು, ಆಮೇಲೆ ನಗು ನಿಂತಿತು, ಮರಿಯ ಬಾಯಿ ಮುಚ್ಚಿದೆ, ಎಲ್ಲರೂ ಇತ್ತಲೇ ನೋಡುತ್ತಿದ್ದಾರೆ, ಮಾಯಾಳ ಕೈಯಲ್ಲಿನ ಚಹಾ ಬಶಿಗೆ ಚೆಲ್ಲುತ್ತಿದೆ, ಅಂಗೈಗೆ ಫರಸಿ ತಣ್ಣಗಿದೆ, ಮೊಣಕಾಲಿಗೂ ತಣ್ಣಗಿದೆ, ಯಾವಾಗ ಕೆಳಗಿಳಿದೆ, ಗಂಟಲು ಉರಿಯುತ್ತಿದೆ, ಮುಖದ ಕೆಳಗೆ ಬಟ್ಟಲು, ಗದ್ದದಿಂದ ಹಾಲು ತೊಟ್ಟಿಕ್ಕುತ್ತಿದೆ, ನಾ ಅಲ್ಲೋ, ನಾ ಎಲ್ಲಿದ್ನಿ ಅಲ್ಲಿ, ಹಳದಿ ಗದ್ದ, ಎರಡು ಕಣ್ಣು, ಬಟ್ಟಲಿನಿಂದ ಮೇಲೆದ್ದ ಮುಖ, ಎರಡು ಕಣ್ಣು, ಅವುಗಳ ಹಿಂದೆ ಈಗ ಒಳಗಿನಿಂದ ನಿಂತು ನೋಡಿದರೆ ಎಷ್ಟು ಸ್ತಬ್ಧ, ಯಾರ ಹೆಸರೂ ಇಲ್ಲ — ಎದುರಿಗೊಂದು ಕೈ ಬಂದಿದೆ, ಯಾರೋ ಹೆಂಗಸು, ಏಳ್ರಿ, ನಿಮ್ಮ ಕಾಲಿಗೆ ಬೀಳತೀನಿ, ಮಂದಿ ನೋಡಾಕತ್ತಾರ, ನನ್ನ ಕೈ ಹಿಡೀರಿ, ಏಳ್ರಿ ಮ್ಯಾಲ.

ಒಲ್ಲೆ, ಎಂದ.