ಕೈ ಬಿಟ್ಟರೆ ಬೀಳುವ ಯಂತ್ರ

ತನ್ನ ಯಂತ್ರಕ್ಕೆ ಹಿಂದುಮುಂದು ಯಾರೂ ಇಲ್ಲವೆಂದು ಸಂಶೋಧಕ ಪಿಎಚ್‌ಡಿ ಪ್ರಬಂಧದ ಮೊದಲ ಪುಟದಲ್ಲೇ ಸಾರಿಬಿಟ್ಟಿದ್ದ. ಮಿದುಳಿನ ನರಗಳ ಮಾದರಿಯಲ್ಲಿ ಕಂಪ್ಯೂಟರಿನೊಳಗೆ ಹೆಣೆದ ಹಳೆಯ ನರಜಾಲಗಳಿಗೂ ಕತೆ ಬರೆಯುವ ತನ್ನ ಯಂತ್ರಕ್ಕೂ ಸಂಬಂಧವೇ ಇಲ್ಲವಂತೆ. ನಾಳೆ ಅದು ಸಮಿತಿಯೆದುರು ಕತೆ ಬರೆದು ತೋರಿಸಬೇಕಿತ್ತು. ಒಪ್ಪಿದರೆ ಪದವಿ, ಇಲ್ಲವಾದರೆ ಪ್ರಯೋಗಾಲಯದ ಕುರ್ಚಿಯೂ ಕೈತಪ್ಪುತ್ತಿತ್ತು.

ಮನೆಯಲ್ಲಿ ತಾಲೀಮು ನೋಡಲು ಸಿಕ್ಕವರು ಸೋದರಮಾವ ಒಬ್ಬರೇ. ನರಜಾಲಗಳನ್ನು ಯಾರೂ ನಂಬದ ಕಾಲದಲ್ಲಿ ಅವುಗಳಿಗೇ ಜೋತುಬಿದ್ದು, ನಗೆಪಾಟಲಾಗಿ ನಿವೃತ್ತರಾದವರು. ಊಟದ ಮೇಜಿನ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದರು.

ಅನುವಾದಿತ ಕತೆಯೊಂದರ ಮೊದಲ ಸಾಲು ಕೊಟ್ಟದ್ದೇ ತಡ, ಯಂತ್ರ ಸರಸರನೆ ಬರೆಯಿತು. ಅಲ್ಲಲ್ಲಿ ಒಂದು ಪದ ಎಡವಿದರೂ ಮರುಪದಕ್ಕೇ ಚೇತರಿಸಿಕೊಳ್ಳುತ್ತಿತ್ತು.

"ನೋಡಿದ್ರಾ ಮಾವ? ತನ್ನನ್ನ ತಾನೇ ತಿದ್ದಿಕೊಳ್ಳುತ್ತೆ. ಇದರ ಬಗ್ಗೆ ಒಂದು ಅಧ್ಯಾಯಾನೇ ಇದೆ."

"ಇರಲಿ. ಒಳಗೆ ಏನು ಮಾಡುತ್ತೆ?"

ದೊಡ್ಡ ಪದವೊಂದಕ್ಕೆ ತಡಕಾಡಿದ. ಸಿಗಲಿಲ್ಲ. "ಹಿಂದಿನ ಪದಗಳನ್ನ ನೋಡಿ ಮುಂದಿನದನ್ನ ಊಹಿಸುತ್ತೆ. ಎಷ್ಟು ತಪ್ಪಿತು ಅಂತ ನೋಡಿ, ಆ ತಪ್ಪನ್ನ ಜಾಲದೊಳಗೆ ಹಿಂದಕ್ಕೆ ಕಳಿಸಿ ತಿದ್ದುತ್ತೇವೆ."

"ನಾವು ಮಾಡ್ತಿದ್ದದ್ದೂ ಅದೇ ಕಣೋ."

"ಇದು ತುಂಬಾ ದೊಡ್ಡದು ಮಾವ."

"ದೊಡ್ಡದಾಗಿದೆ, ಸಂತೋಷ. ಕಲಿಸುವಾಗ ಅದು ತಪ್ಪು ಊಹಿಸಿದ್ರೂ ಮುಂದಿನ ಹೆಜ್ಜೆಗೆ ಸರಿಯಾದ ಪದಾನೇ ಕೊಡ್ತೀಯ ಅಲ್ವಾ?"

"ಎಲ್ಲರೂ ಹಾಗೇ ಕಲಿಸೋದು."

"ನಾವೂ ಹಾಗೇ ಕೈ ಹಿಡಿದು ನಡೆಸ್ತಿದ್ದೆವು. ಆಮೇಲೆ ಕೈ ಬಿಡಬೇಕು. ನಿನ್ನ ಯಂತ್ರ ಮುಗ್ಗರಿಸಿ ಮರುಕ್ಷಣವೇ ಓಡ್ತಿದೆ ಅಂದ್ರೆ ಯಾರೋ ಇನ್ನೂ ಕೈ ಹಿಡಿದಿದ್ದಾರೆ. ಯಾರೂ ಬರೆಯದ ಕತೆ ಒಂದು ಬರೆಸು ನೋಡೋಣ."

ತಾನೇ ಒಂದು ಸಾಲು ಹೊಸೆದು ಕೊಟ್ಟ. ಮೂಲಕತೆಯ ಕಡತ ಸಿಗುತ್ತಿಲ್ಲವೆಂದು ಯಂತ್ರ ಮುಷ್ಕರ ಹೂಡಿತು. ಪಾಠದ ವೇಳೆ ಸರಿಯಾದ ಪದ ಒದಗಿಸಲೆಂದು ಒತ್ತಿದ್ದ ಗುಂಡಿಯನ್ನು ಅವನು ಆಫ್ ಮಾಡಿಯೇ ಇರಲಿಲ್ಲ. ಇಷ್ಟು ದಿನ ಅದು ಪದಪದಕ್ಕೂ ಉತ್ತರ ನೋಡಿಕೊಂಡೇ ಬರೆದಿತ್ತು. ಅದಕ್ಕೆ ಅವನು ಮೂವತ್ತು ಪುಟಗಳ ಅಧ್ಯಾಯದ ಹಾರ ಹಾಕಿದ್ದ.

ಗುಂಡಿ ಆಫ್ ಮಾಡಿದ. ಯಂತ್ರ ಬರೆಯಿತು: ಅವಳು ಬಾಗಿಲು ತೆರೆದಳು. ಬಾಗಿಲು ಅವಳನ್ನು ತೆರೆಯಿತು. ಬಾಗಿಲು ಬಾಗಿಲನ್ನು ಬಾಗಿಲು ಬಾಗಿಲು.

ಒಂದು ಕ್ಷಣ ಅವನ ಮುಖ ಅರಳಿತು. "ನವ್ಯ ಶೈಲಿ ಅಂದ್ರೆ ನಡೆಯಲ್ವಾ?"

"ನಿನ್ನ ಸ್ವಂತ ಕತೆಗಳಿಗೆ ನಡೆಯುತ್ತೆ," ಎಂದರು ಮಾವ. "ಸಮಿತಿಯಲ್ಲಿ ಓದುವವರಿರ್ತಾರೆ."

ಬೆಳಿಗ್ಗೆ ಸಮಿತಿಯೆದುರು ಅವನ ಬೆರಳು ಆ ಗುಂಡಿಯ ಹತ್ತಿರ ಸುಳಿದಾಡಿತು. ಒತ್ತಿದರೆ ಪದವಿ, ಯಾರಿಗೂ ಗೊತ್ತಾಗದು. ಆದರೆ ಇವರಲ್ಲಿ ಯಾರಾದರೂ ಯಾರೂ ಬರೆಯದ ಕತೆ ಕೇಳಿದರೆ? ಅವನ ಪ್ರಾಮಾಣಿಕತೆಯ ಅರ್ಧ ಪಾಲು ಈ ಭಯವೇ ಆಗಿತ್ತು. ಗುಂಡಿ ಒತ್ತಲಿಲ್ಲ. ಬಾಗಿಲುಗಳು ಸಾಲುಸಾಲಾಗಿ ಪರದೆ ತುಂಬಿದವು.

"ಇದೇನಪ್ಪ?" ಎಂದರು ಅಧ್ಯಕ್ಷೆ.

"ಯಂತ್ರದ ನಿಜವಾದ ಮಟ್ಟ, ಮೇಡಂ. ಪ್ರಬಂಧದಲ್ಲಿರೋದು ಉತ್ತರ ನೋಡಿ ಬರೆದದ್ದು. ಸರಿಯಾದ ಪದ ಒದಗಿಸೋ ಗುಂಡಿ ಆಫ್ ಮಾಡೋದು ನನಗೆ ಮರೆತಿತ್ತು."

"ಮೊದಲ ಪುಟದಲ್ಲಿ ಹಳೆಯದರ ಸಂಬಂಧವೇ ಇಲ್ಲ ಅಂದಿದ್ದೀರಿ."

"ಸಂಬಂಧ ಇದೆ ಮೇಡಂ. ಬೆನ್ನೆಲುಬೇ ಅದು. ನಾನು ಓದಿರಲಿಲ್ಲ."

ಪದವಿ ಸಿಗಲಿಲ್ಲ. ಕುರ್ಚಿ ಒಂದು ವರ್ಷದ ಮಟ್ಟಿಗೆ ಉಳಿಯಿತು, ಹಳೆಯದನ್ನೆಲ್ಲ ಓದಿ ಮತ್ತೆ ಬರೆಯಬೇಕೆಂಬ ಷರತ್ತಿನ ಮೇಲೆ.

ಸಂಜೆ ಮಾವನ ಕೋಣೆಯ ಹೊಸ್ತಿಲಲ್ಲಿ ನಿಂತ. "ಮೊದಲಿಂದ ಹೇಳಿಕೊಡ್ತೀರಾ?"

ಮಾವ ಕನ್ನಡಕ ಒರೆಸಿಕೊಂಡರು. ಈ ಪ್ರಶ್ನೆ ಕೇಳುವವರಿಗಾಗಿ ಇಡೀ ವೃತ್ತಿಜೀವನ ಕಾದವರು, ಕಾದದ್ದು ಮುಖದಲ್ಲಿ ಕಾಣದಂತೆ ಎದುರಿನ ಕುರ್ಚಿ ಎಳೆದು ಹೇಳಿದರು: "ಕೂತ್ಕೋ. ನಡುವೆ ಆಕಳಿಸಿದ್ರೆ ಎಬ್ಬಿಸಿ ಕಳಿಸ್ತೀನಿ."